ದೊಡ್ಡಪ್ಪನ ಹದಿನಾರು ಬೋಲ್ಟು

ನಮ್ಮ ದೊಡ್ಡಪ್ಪ ಇಪ್ಪತ್ತಾರು ವರ್ಷ ಬಿಸ್ಕತ್ತಿನ ಕಾರ್ಖಾನೆಯ ಲಾರಿ ಓಡಿಸಿದವರು. ಬಿಸ್ಕತ್ತು ಮುರಿಯದ ಹಾಗೆ ಓಡಿಸಬೇಕಾದ ಕೆಲಸ ಅದು. ಅದಕ್ಕೇ ಏನೋ, ಅವರು ನಡೆಯುವುದು, ಬಾಗಿಲು ಹಾಕುವುದು, ಕೊನೆಗೆ ಜಗಳ ಆಡುವುದೂ ಬೆನ್ನ ಹಿಂದೆ ಡಬ್ಬಗಳಿವೆ ಎಂಬ ಎಚ್ಚರದಲ್ಲೇ. ದೊಡ್ಡಮ್ಮ ಹತ್ತು ಮಾತು ಆಡಿ ಮುಗಿಸುವ ಹೊತ್ತಿಗೆ ಅವರ ಮೊದಲ ಮಾತು ಇನ್ನೂ ತಿರುವಿನಲ್ಲಿರುತ್ತದೆ.

ನಿವೃತ್ತಿಯ ದಿನ ಕಾರ್ಖಾನೆಯವರು, ನೆನಪಿಗೆ ಗೋಡೆ ಗಡಿಯಾರ ಕೊಡೋಣ ಅಂತಿದ್ದೇವೆ, ಬೇರೇನಾದರೂ ಬೇಕಿದ್ದರೆ ಹೇಳಿ ಎಂದು ಬಾಯಿಮಾತಿಗೆ ಕೇಳಿದರು. ದೊಡ್ಡಪ್ಪ ತಾವು ಓಡಿಸುತ್ತಿದ್ದ ಹಳೆಯ ಲಾರಿ ಬೇಕು ಎಂದರು. ಕಾರ್ಖಾನೆಯ ಹಿಂದಿನ ಮರದ ಕೆಳಗೆ ಆ ಲಾರಿ ಎರಡು ವರ್ಷದಿಂದ ನಿಂತೇ ಇತ್ತು. ಎಂಜಿನ್ನಿನಲ್ಲಿ ಹಕ್ಕಿ ಗೂಡು ಕಟ್ಟಿತ್ತು, ಮರಿಗಳು ಹಾರಿ ಹೋಗಿದ್ದವು, ಲಾರಿ ಮಾತ್ರ ಹೋಗುವ ಹಾಗಿರಲಿಲ್ಲ. ಅದನ್ನು ತೆಗೆದುಕೊಂಡು ಹೋಗುವವರು ಸಿಕ್ಕಿದರಲ್ಲ ಎಂಬ ಖುಷಿಗೆ ಅವರು ಗಡಿಯಾರವನ್ನೂ ಕೊಟ್ಟರು.

ಲಾರಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತರಬೇಕಾಯಿತು. ಹಾಗೆ ಎಳೆಯುವಾಗ ಚಕ್ರದ ಜೊತೆ ಗೇರ್‌ಬಾಕ್ಸೂ ತಿರುಗಿ ಹಾಳಾಗಬಾರದೆಂದು, ಹಿಂದಿನ ಎರಡೂ ಕಡೆಯ ಆಕ್ಸಲ್ ಕಂಬಿಗಳನ್ನು ಬಿಚ್ಚಿ ಹೊರಗೆ ಎಳೆದಿಡುವುದು ಡ್ರೈವರುಗಳ ಪದ್ಧತಿ. ಕಂಬಿಯನ್ನು ಚಕ್ರಕ್ಕೆ ಬಿಗಿಯುವುದು ಕಡೆಗೆ ಎಂಟರಂತೆ ಹದಿನಾರು ಬೋಲ್ಟು. ಅವಿಲ್ಲದಿದ್ದರೆ ಎಂಜಿನ್ನು ಎಷ್ಟೇ ಕೂಗಿಕೊಳ್ಳಲಿ, ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ದೊಡ್ಡಪ್ಪ ಹದಿನಾರನ್ನೂ ಬಿಚ್ಚಿ, ಬುತ್ತಿಯ ಚೀಲಕ್ಕೆ ಹಾಕಿ, ಚೀಲವನ್ನು ಟ್ರ್ಯಾಕ್ಟರಿನ ಹಿಂಬದಿಗೆ ನೇತುಹಾಕಿದರು. ಮನೆ ಮುಟ್ಟಿದಾಗ ಚೀಲ ಇತ್ತು. ಚೀಲದ ತಳ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕಾರ್ಖಾನೆಯಿಂದ ಮನೆಯವರೆಗಿನ ಹನ್ನೆರಡು ಕಿಲೋಮೀಟರನ್ನು ಬಗ್ಗಿಕೊಂಡೇ ನಡೆದರು. ದಾರಿಯಲ್ಲಿ ಸಿಕ್ಕವರೆಲ್ಲ ಉಂಗುರ ಕಳೆದುಕೊಂಡಿದ್ದಾರೆಂದು ತಿಳಿದು ಸ್ವಲ್ಪ ದೂರ ಜೊತೆಗೆ ಬಗ್ಗಿದರಂತೆ. ಬೋಲ್ಟು ಎಂದು ಗೊತ್ತಾದ ಕೂಡಲೇ ಸೊಂಟ ನೆಟ್ಟಗೆ ಮಾಡಿಕೊಂಡು ಹೋದರಂತೆ. ಸಂಜೆಗೆ ಅವರ ಕೈಯಲ್ಲಿದ್ದದ್ದು ಒಂದು ಬೋಲ್ಟು, ಎರಡು ಚಮಚ, ಯಾರದೋ ಮನೆಯ ಬೀಗದ ಕೈ. ಒಂದು ಕಟ್ಟುಹಲ್ಲೂ ಸಿಕ್ಕಿತ್ತು. ಅದನ್ನು ಮಾತ್ರ ಮೈಲಿಗಲ್ಲಿನ ಮೇಲೆ ಇಟ್ಟು ಬಂದಿದ್ದರು.

"ಪಾಪ, ಅವರೂ ನನ್ನ ಹಾಗೇ ಹುಡುಕಿಕೊಂಡು ಬರಬಹುದು," ಎಂದರು.

ಉಳಿದ ಹದಿನೈದರ ಬಗ್ಗೆ ಆಗ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಬೋಲ್ಟು ತಾನೆ, ಅಂಗಡಿಯಲ್ಲಿ ಸಿಗುತ್ತದೆ ಎಂದುಕೊಂಡು ಎಂಟು ತಿಂಗಳು ಬೇರೆಲ್ಲ ಕೆಲಸ ಮಾಡಿದರು. ಎಂಜಿನ್ನು ಬಿಚ್ಚಿ ಕಟ್ಟಿದರು, ಬ್ರೇಕು ಸರಿ ಮಾಡಿದರು, ಬಾಗಿಲಿನ ತುಕ್ಕು ಉಜ್ಜಿ ಬಣ್ಣ ಹಚ್ಚಿದರು. ಹಿಂದೆ ಸರಕು ತುಂಬುವ ಮರದ ಕಟ್ಟಿನ ಸಂದುಗಳಿಗೆ ಮಾತ್ರ ಕೈ ಹಾಕಲಿಲ್ಲ. ಅಲ್ಲಿ ಇಪ್ಪತ್ತನಾಲ್ಕು ವರ್ಷದ ಬಿಸ್ಕತ್ತಿನ ಪುಡಿ ಇತ್ತು, ಇರುವೆಗಳು ಸಾಲು ಹಿಡಿದು ಸದ್ದಿಲ್ಲದೆ ಅದನ್ನು ಖಾಲಿ ಮಾಡುತ್ತಿದ್ದವು. ಮಧ್ಯಾಹ್ನದ ಬಿಸಿಲು ತಗಡಿನ ಸೂರಿಗೆ ಬಿದ್ದಾಗ ಲಾರಿ ನಿಂತಿದ್ದ ಶೆಡ್ಡಿನ ತುಂಬ ಬೆಚ್ಚಗಿನ ಬೆಣ್ಣೆಯ ವಾಸನೆ ಏಳುತ್ತಿತ್ತು.

ಶೆಡ್ಡು ದೊಡ್ಡಮ್ಮನದು. ಅವರು ಹೊಲಿಗೆ ಮಾಡುತ್ತಾರೆ. ಇಷ್ಟು ವರ್ಷ ನಡುಮನೆಯ ಕಿಟಕಿಯ ಹತ್ತಿರ ಒಂದೇ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದಿದ್ದರು. ಈ ವರ್ಷ ಒಂದು ಶಾಲೆಯ ಮುನ್ನೂರು ಮಕ್ಕಳ ಸಮವಸ್ತ್ರದ ಕೆಲಸ ಬಂತು. ತಮ್ಮ ತಮ್ಮ ಯಂತ್ರ ತಂದು ಕೂತು ಹೊಲಿಯಲು ಮೂವರು ಹೆಂಗಸರು ಒಪ್ಪಿದರು. ಕೂರುವುದಕ್ಕೆ ಜಾಗ ಬೇಕಲ್ಲ. ಜಾಗದಲ್ಲಿ ಲಾರಿ ನಿಂತಿತ್ತು. ದೊಡ್ಡಮ್ಮ ಅದನ್ನು ಲಾರಿ ಎನ್ನುತ್ತಿರಲಿಲ್ಲ, 'ಆ ಗೋಡೆ' ಎನ್ನುತ್ತಿದ್ದರು.

ಊಟದ ಹೊತ್ತಿನಲ್ಲಿ, ಅಜ್ಜಿಯ ಎದುರಿಗೇ ಅವರು ಮಾತು ತೆಗೆದರು. ಅಜ್ಜಿ ದೊಡ್ಡಪ್ಪನ ತಾಯಿ. ಅವಳ ಮುಂದೆ ಆಡಿದ ಮಾತನ್ನು ಆಮೇಲೆ ಆಡಿಲ್ಲ ಎನ್ನುವ ಹಾಗಿಲ್ಲ.

"ಒಂದನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಮೆಷಿನ್ ಬರುತ್ತೆ," ಎಂದರು ದೊಡ್ಡಮ್ಮ. "ಅಷ್ಟರೊಳಗೆ ಆ ಗೋಡೆ ತಾನಾಗೇ ನಡ್ಕೊಂಡು ಆಚೆ ಹೋದ್ರೆ ಸರಿ. ಇಲ್ದಿದ್ರೆ ಗುಜರಿಯವನಿಗೆ ಹೇಳಿದೀನಿ, ಕತ್ತರಿಸಿ ತಗೊಂಡು ಹೋಗ್ತಾನೆ."

"ತಳ್ಳಿ ನಿಲ್ಲಿಸಿದ್ರೆ ಆಗಲ್ವಾ?" ಎಂದರು ದೊಡ್ಡಪ್ಪ.

"ತಳ್ಳಿದ್ರೆ ಕುರ್ಚೀನೂ ಮುಂದಕ್ಕೆ ಹೋಗುತ್ತೆ ರೀ. ಓಡಿದ್ರೆ ಲಾರಿ, ಓಡದಿದ್ರೆ ಗುಜರಿ. ನೀವೇ ಎಷ್ಟೋ ಸಲ ಹೇಳಿದ ಮಾತು."

ಹೌದು, ಅವರೇ ಹೇಳಿದ ಮಾತು. ಬೇರೆಯವರ ಲಾರಿಗಳ ಬಗ್ಗೆ. ದೊಡ್ಡಪ್ಪ ತಟ್ಟೆ ನೋಡುತ್ತ ತಲೆಯಾಡಿಸಿದರು. ಒಂದನೇ ತಾರೀಖಿಗೆ ಇನ್ನು ಹದಿನೆಂಟು ದಿನ ಇತ್ತು.

ಮರುದಿನ ಅವರು ಇದ್ದ ಒಂದೇ ಬೋಲ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು. ಅರ್ಧ ಇಂಚು ದಪ್ಪ, ತಲೆಯ ಮೇಲೆ ಮೂರು ಗೀಟು, ಮೈ ಮೇಲೆ ಇಂಚಿಗೆ ಇಪ್ಪತ್ತು ಸುತ್ತಿನ ಸಣ್ಣ ಥ್ರೆಡ್ಡು. ಆ ಲಾರಿ ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಮುಖ್ಯ ಬೀದಿಯ ಬೋಲ್ಟಿನ ಅಂಗಡಿಯವರನ್ನು ಎಲ್ಲರೂ 'ಮಿಲಿಮೀಟರ್' ಎಂದೇ ಕರೆಯುತ್ತಾರೆ. ಅವರು ಬೋಲ್ಟನ್ನು ಬೆರಳ ತುದಿಯಲ್ಲಿ ಹಿಡಿದು, ಯಾರದೋ ಬಾಲ್ಯದ ಫೋಟೋ ನೋಡುವವರ ಹಾಗೆ ನೋಡಿದರು.

"ಇದು ಇಂಚಿನದು. ಇಂಚು ಸತ್ತು ಮೂವತ್ತು ವರ್ಷ ಆಯ್ತು."

"ನನಗೆ ಯಾರೂ ಹೇಳಲಿಲ್ಲ."

"ಹತ್ತಿರದ ನೆಂಟರಿಗೆ ಮಾತ್ರ ಹೇಳಿ ಕಳಿಸಿದ್ರು. ಹನ್ನೆರಡು ಮಿಲಿಮೀಟರ್ ತಗೊಳ್ಳಿ, ಹೆಚ್ಚು ಕಡಿಮೆ ಅಷ್ಟೇ ಇರುತ್ತೆ."

ದೊಡ್ಡಪ್ಪ ಎರಡನ್ನೂ ಪಕ್ಕಪಕ್ಕ ಹಿಡಿದು, ಒಂದರ ಥ್ರೆಡ್ಡಿಗೆ ಇನ್ನೊಂದರ ಥ್ರೆಡ್ಡನ್ನು ಎರಡು ಬಾಚಣಿಗೆಯ ಹಲ್ಲು ಸೇರಿಸುವಂತೆ ಸೇರಿಸಿ ಬೆಳಕಿಗೆ ಎತ್ತಿದರು. ಸರಿಯಾದ ಜೋಡಿಯಾದರೆ ನಡುವೆ ಬೆಳಕು ಕಾಣಬಾರದು. ಬೆಳಕಷ್ಟೇ ಅಲ್ಲ, ಎದುರಿನ ಅಂಗಡಿಯ ಬೋರ್ಡೂ ಕಾಣುತ್ತಿತ್ತು.

"ಹೆಚ್ಚು ಸರಿ, ಕಡಿಮೆ ಸರಿ," ಎಂದರು ದೊಡ್ಡಪ್ಪ. "ಹೆಚ್ಚು ಕಡಿಮೆ ಆಗಲ್ಲ."

ಅಲ್ಲಿಂದ ಕಬ್ಬಿಣ ಕಡೆದು ಬೋಲ್ಟು ಮಾಡುವ ಲೇತಿನವನ ಹತ್ತಿರ ಹೋದರು. ಮಾಡಿಕೊಡುತ್ತೇನೆ, ಆದರೆ ಕೈ ತುಂಬ ಕೆಲಸ ಇದೆ, ಮೊದಲನೆಯದು ಕೊಡುವುದಕ್ಕೇ ಒಂದು ತಿಂಗಳು ಹಿಡಿಯುತ್ತದೆ ಎಂದ ಅವನು. ಒಂದು ಮಾದರಿಗೆ ಹೇಳಿ ಬಂದರು. ಆಮೇಲೆ ಗುಜರಿ. ಗುಜರಿಯವನು ಸಜ್ಜನ. ಬೋಲ್ಟಿನ ರಾಶಿಯ ಮುಂದೆ ಒಂದು ಡಬ್ಬ ಬೋರಲು ಹಾಕಿ ಕೂರಿಸಿ, ಚಹಾ ತರಿಸಿಕೊಟ್ಟ.

"ನಿಧಾನ ಹುಡುಕಿ ಯಜಮಾನ್ರೇ. ಸಿಗದಿದ್ರೂ ಬೇಜಾರು ಬೇಡ. ಹೆಂಗೂ ಒಂದನೇ ತಾರೀಖು ನಾನೇ ಬರ್ತೀನಲ್ಲ."

ಮೂರು ದಿನ ದೊಡ್ಡಪ್ಪ ಆ ರಾಶಿಯ ಮುಂದೆ ಕೂತು ಒಂದೊಂದೇ ಬೋಲ್ಟನ್ನು ಬೆಳಕಿಗೆ ಹಿಡಿದರು. ಅರ್ಧ ಇಂಚಿನವು ಸಿಕ್ಕಿದವು, ಇಂಚಿಗೆ ಹದಿಮೂರು ಸುತ್ತಿನವು. ಅವು ಎರಡು ಸುತ್ತು ಒಳಗೆ ಹೋಗಿ, ಮದುವೆ ಮನೆಯಲ್ಲಿ ಮುನಿಸಿಕೊಂಡ ನೆಂಟರ ಹಾಗೆ ನಿಂತುಬಿಡುತ್ತಿದ್ದವು. ಮುಂದಕ್ಕೂ ಬರುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ. ಮೂರನೇ ದಿನ ಸೊಂಟ ಹಿಡಿದುಕೊಂಡು ಮನೆಗೆ ಬಂದವರು ನಡುಮನೆಯ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿದರು. ಪಕ್ಕದ ಕಬ್ಬಿಣದ ಮಂಚದ ಮೇಲೆ ಅಜ್ಜಿ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ದೊಡ್ಡಮ್ಮ ಕಿಟಕಿಯ ಹತ್ತಿರ ಹೊಲಿಯುತ್ತಿದ್ದರು. ನಾನು ಓದುತ್ತಿದ್ದೆ, ನಮ್ಮದೂ ಅವರದೂ ಒಂದೇ ಮನೆ, ನಡುವೆ ಒಂದು ಬಾಗಿಲು ಅಷ್ಟೇ.

ದೊಡ್ಡಪ್ಪ ಬಹಳ ಹೊತ್ತು ಮಂಚದ ಅಡಿಯನ್ನು ನೋಡುತ್ತಿದ್ದರು. ಆಮೇಲೆ ಜೇಬಿನಿಂದ ಬೋಲ್ಟು ತೆಗೆದು ಒಮ್ಮೆ ಅದನ್ನು, ಒಮ್ಮೆ ಮೇಲೆ ನೋಡಿದರು.

"ಅಮ್ಮಾ, ಸ್ವಲ್ಪ ಏಳು."

"ಯಾಕೋ? ಹಾವಾ?"

"ಬೋಲ್ಟು."

"ಹಾವಾಗಿದ್ರೆ ಎದ್ದಿರ್ತಿದ್ದೆ," ಎಂದು ಅಜ್ಜಿ ಮಗ್ಗುಲು ಬದಲಿಸಿದಳು.

ಮಂಚದ ನಾಲ್ಕು ಕಾಲನ್ನು ಹಿಡಿದಿದ್ದ ನಾಲ್ಕು ಬೋಲ್ಟಿನ ತಲೆಯ ಮೇಲೂ ಮೂರು ಗೀಟಿತ್ತು.

ವಿಷಯ ಹೀಗೆ. ಕಾರ್ಖಾನೆಯವರು ಪ್ರತಿ ಸರ್ವೀಸಿಗೂ ದೊಡ್ಡಪ್ಪನ ಕೈಗೆ ಕೆಲವು ಹೆಚ್ಚಿನ ಆಕ್ಸಲ್ ಬೋಲ್ಟು ಕೊಡುತ್ತಿದ್ದರು. ದಾರಿಯಲ್ಲಿ ಮುರಿದರೆ ಇರಲಿ ಎಂದು. ಕಬ್ಬಿಣ, ಸಿಮೆಂಟು ಹೊರುವ ಲಾರಿಗಳಲ್ಲಿ ಅವು ಮುರಿಯುತ್ತವೆ. ಬಿಸ್ಕತ್ತಿನ ಭಾರಕ್ಕೆ ಯಾವ ಬೋಲ್ಟು ಮುರಿದೀತು? ಹಾಗಾಗಿ ಮನೆಯಲ್ಲಿ ಏನು ಅಲ್ಲಾಡಿದರೂ ದೊಡ್ಡಪ್ಪ ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಒಂದು ಬೋಲ್ಟು ತಂದು ಬಿಗಿಯುತ್ತಿದ್ದರು. ಬಿಗಿದು ಮರೆಯುತ್ತಿದ್ದರು. ಅಷ್ಟು ವರ್ಷದಲ್ಲಿ ಮನೆ ಒಳಗೊಳಗೇ ಅರ್ಧ ಲಾರಿಯಾಗಿತ್ತು.

ಅಜ್ಜಿ ಎಲ್ಲ ಕೇಳಿ, ಎದ್ದು ಕೂತು ಹೇಳಿದಳು: "ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅಂತ ಗಾದೆ. ಇವನು ಬೆಣ್ಣೆ ಮೇಲೆ ಹೆತ್ತ ತಾಯೀನೇ ಮಲಗಿಸಿ ಅಲೆದ."

ಅಂದೇ ಸಂಜೆ ದೊಡ್ಡಪ್ಪ ಮನೆಯನ್ನು ಕೆಳಗಿನಿಂದ ನೋಡತೊಡಗಿದರು. ಕೋಣೆಯಿಂದ ಕೋಣೆಗೆ ಅಂಗಾತ ತೆವಳಿದರು. ಅಡುಗೆಮನೆಯ ಶೆಲ್ಫಿನ ಅಡಿಯಲ್ಲಿ ಮೂರು ಸಿಕ್ಕಿದವು. ಬೀದಿಯ ಗೇಟಿನಲ್ಲಿ ಎರಡು, ಏಣಿಯಲ್ಲಿ ಒಂದು. ಮಂಚದ ನಾಲ್ಕು, ಜೇಬಿನ ಒಂದು. ಹನ್ನೊಂದು. ಬೋಲ್ಟು ತೆಗೆದ ಜಾಗವನ್ನು ಖಾಲಿ ಬಿಡುವ ಮನುಷ್ಯರಲ್ಲ ಅವರು. ಮಿಲಿಮೀಟರಿನ ಅಂಗಡಿಗೆ ಮತ್ತೆ ಹೋದರು.

"ಬಂದ್ರಲ್ಲ ದಾರಿಗೆ," ಎಂದರು ಮಿಲಿಮೀಟರು, ಹನ್ನೆರಡು ಮಿಲಿಮೀಟರಿನ ಬೋಲ್ಟು, ನಟ್ಟು ಎಣಿಸುತ್ತ. "ಲಾರಿಗೆ ತಾನೆ?"

"ಲಾರಿಗಲ್ಲ. ನಮ್ಮಮ್ಮನಿಗೆ."

ಹೊಸ ಬೋಲ್ಟುಗಳು ಹಳೆಯ ತೂತುಗಳಲ್ಲಿ ಕೂದಲೆಳೆಯಷ್ಟು ಸಡಿಲ. ಮುಟ್ಟಿ ನೋಡಿದರೆ ತಿಳಿಯುವುದಿಲ್ಲ, ಬದುಕಿ ನೋಡಿದರೆ ತಿಳಿಯುತ್ತದೆ. ಲಾರಿ ಗಟ್ಟಿಯಾಗುತ್ತ ಹೋದಂತೆ ಮನೆ ಸಡಿಲವಾಗುತ್ತ ಹೋಯಿತು. ಅಡುಗೆಮನೆಯ ಡಬ್ಬಗಳು ದಿನಕ್ಕೊಂದು ಬೆರಳಿನಷ್ಟು ಎಡಕ್ಕೆ ಸರಿದು, ಶುಕ್ರವಾರದ ಹೊತ್ತಿಗೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದವು. ಗೇಟು ಯಾರೂ ಮುಟ್ಟದೆಯೇ ನಿಟ್ಟುಸಿರಿಟ್ಟು ತೆರೆದುಕೊಳ್ಳುತ್ತಿತ್ತು. ಲಾರಿಯನ್ನು ಕಣ್ಣಳತೆಯಲ್ಲಿ ನೋಡಿಕೊಂಡು ಹೋಗಲು ಬರುತ್ತಿದ್ದ ಗುಜರಿಯವನನ್ನು ಅದು ವಿಶೇಷ ಆದರದಿಂದ ಬರಮಾಡಿಕೊಳ್ಳುತ್ತಿತ್ತು. ಮಂಚವಂತೂ ಅಜ್ಜಿ ಉಸಿರಾಡಿದರೆ ಸಾಕು, ತಾನೂ ಒಂದು ಮಾತು ಸೇರಿಸುತ್ತಿತ್ತು.

"ನಿದ್ದೆ ಬಂತಾ ಅಜ್ಜಿ?" ಎಂದು ಒಂದು ಬೆಳಿಗ್ಗೆ ಕೇಳಿದೆ.

"ನಿದ್ದೆ ಏನು ಬಂತು, ಪ್ರಯಾಣ ಆಯ್ತು. ಈಗ ತಾನೇ ಬಂದು ಇಳಿದೆ."

ಇನ್ನು ಐದು ಬೇಕಿತ್ತು. ನಾಲ್ಕು ಎಲ್ಲಿವೆಯೆಂದು ದೊಡ್ಡಪ್ಪನಿಗೆ ನೆನಪಾದದ್ದು ಒಂದನೇ ತಾರೀಖಿಗೆ ಐದು ದಿನ ಇರುವಾಗ. ಅವು ಅಕ್ಕನ ಮಂಚದಲ್ಲಿದ್ದವು. ಅಕ್ಕ ಎಂದರೆ ದೊಡ್ಡಪ್ಪನ ಮಗಳು. ಮದುವೆಯಾಗಿ ಮೂರು ವರ್ಷ. ಮದುವೆಯಲ್ಲಿ ಕೊಟ್ಟ ಮಂಚ ಅವಳ ಗಂಡನ ಮನೆಯಲ್ಲಿತ್ತು.

"ಬೀಗರ ಮನೆಗೆ ಹೋಗಿ ಮಂಚದ ಬೋಲ್ಟು ಬಿಚ್ತೀರಾ?" ಎಂದರು ದೊಡ್ಡಮ್ಮ. "ಇಷ್ಟು ದಿನ ಹುಚ್ಚು ಮನೆ ಒಳಗಿತ್ತು. ಈಗ ಬಸ್ಸು ಹತ್ತುತ್ತಾ ಇದೆ."

"ಹೊಸದು ಹಾಕಿ ಬರ್ತೀನಿ," ಎಂದರು ದೊಡ್ಡಪ್ಪ.

ಅಕ್ಕನನ್ನು ನೋಡಿ ಬಹಳ ದಿನವಾಗಿತ್ತೆಂದು ನಾನೂ ಹೊರಟೆ. ಒಂದೂವರೆ ಗಂಟೆಯ ದಾರಿ. ದೊಡ್ಡಪ್ಪನ ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಸ್ಪ್ಯಾನರಿನ ಚೀಲ. ಬಾಗಿಲು ತೆರೆದ ಅಕ್ಕನ ಅತ್ತೆಗೆ ಅವರು ಗಾಬರಿಯಲ್ಲಿ ಎರಡನೆಯದನ್ನು ಕೊಟ್ಟರು. ಆಕೆ ಅದರ ಭಾರಕ್ಕೆ ಸ್ವಲ್ಪ ವಾಲಿ, ಒಳಗೆ ನೋಡಿ, ನನ್ನ ಮುಖ ನೋಡಿದರು. ನಾನು ಹಣ್ಣಿನ ಚೀಲ ತೆಗೆದು ಕೊಟ್ಟೆ.

ಚಹಾ ಆಯಿತು. ಬೀಗರು ತಮ್ಮ ಮಂಡಿನೋವಿನ ಕತೆ ಹೇಳಿದರು. ದೊಡ್ಡಪ್ಪ ಮಂಡಿಗೆ ಮರುಕ ತೋರಿಸಿ, ಲೋಟ ಕೆಳಗಿಟ್ಟು, ತಿರುವು ತೆಗೆದುಕೊಂಡರು.

"ಮಂಚ ಹೇಗಿದೆ?"

"ಯಾವ ಮಂಚ?" ಎಂದರು ಬೀಗರು.

"ನಾವು ಕೊಟ್ಟದ್ದು. ಒಂದು ಸಲ ನೋಡ್ಬೇಕಿತ್ತು."

ಬೀಗಿತ್ತಿಯ ಹುಬ್ಬು ಮೇಲಕ್ಕೆ ಹೋಯಿತು. "ಯಾಕೆ, ವಾಪಸ್ ಬೇಕಿತ್ತಾ?"

"ಅಯ್ಯೋ, ಇಲ್ಲ. ಮಂಚ ನಿಮ್ಮದೇ. ಅದನ್ನ ಹಿಡ್ಕೊಂಡಿರೋದು ಮಾತ್ರ ನನಗೆ ಬೇಕು."

ಕೋಣೆಯಲ್ಲಿ ಕೆಮ್ಮಿದಂತೆ ಮಾಡಿ ನಗು ನುಂಗಿದ್ದು ಅಕ್ಕ. ಅವಳೇ ಅತ್ತೆಗೆ ಲಾರಿಯ ವಿಷಯವನ್ನೆಲ್ಲ ಬಿಡಿಸಿ ಹೇಳಿದಳು. ತೊಂದರೆ ಬೇರೆ ಇತ್ತು. ಭಾವ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವರು. ರಾತ್ರಿಯೆಲ್ಲ ಕೆಲಸ, ಹಗಲು ನಿದ್ದೆ. ಈಗ ಅವರು ಆ ಮಂಚದ ಮೇಲೇ ಮಲಗಿದ್ದರು. ಏಳುವುದು ನಾಲ್ಕು ಗಂಟೆಗೆ. ನಮ್ಮ ಊರಿನ ಕೊನೆಯ ಬಸ್ಸು ಮೂರೂವರೆಗೆ.

"ಎಬ್ಬಿಸ್ತೀನಿ ಇರಪ್ಪಾ," ಎಂದಳು ಅಕ್ಕ.

"ಬೇಡ. ಒಂದೊಂದಾಗಿ ಬದಲಾಯಿಸ್ತೀನಿ. ಬಿಸ್ಕತ್ತಿನ ಹಾಗೆ ನೋಡ್ಕೋತೀನಿ."

ದೊಡ್ಡಪ್ಪ ಚಪ್ಪಲಿ ಬಿಟ್ಟು, ಅಂಗಾತ ಮಲಗಿ, ಲಾರಿಯ ಅಡಿಗೆ ಹೋಗುವ ಹಾಗೆಯೇ ಮಂಚದ ಅಡಿಗೆ ಸರಿದರು. ಹೊರಗೆ ಎರಡು ಪಾದ ಮಾತ್ರ ಉಳಿದವು. ನಾವೆಲ್ಲ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಬೀಗಿತ್ತಿಯೂ. ಒಂದು ಬಂತು, ಎರಡು ಬಂತು, ಮೂರು ಬಂತು. ನಾಲ್ಕನೆಯದು ಕಚ್ಚಿಕೊಂಡಿತ್ತು. ಸ್ಪ್ಯಾನರು ಜಾರಿ ನೆಲಕ್ಕೆ ಬಿತ್ತು. ಭಾವ ಕಣ್ಣು ಬಿಟ್ಟು ಮೊದಲು ಬಾಗಿಲಲ್ಲಿ ಸಾಲಾಗಿ ನಿಂತ ನಮ್ಮನ್ನು ನೋಡಿದರು. ಆಮೇಲೆ ಬಗ್ಗಿ ಪಾದಗಳನ್ನು ನೋಡಿದರು. ಪಾದದ ಗುರುತು ಹತ್ತಿರಬೇಕು.

"ಮಾವಾ?"

"ಮಲ್ಕೊಳ್ಳಿ ಮಲ್ಕೊಳ್ಳಿ," ಎಂದಿತು ಮಂಚದ ಅಡಿಯ ದನಿ. "ಒಂದೇ ಬಾಕಿ."

ಭಾವ ಆಗಲಿ ಎಂದು ಮತ್ತೆ ಮಲಗಿದರು. ಎದ್ದ ಮೇಲೆ ಅವರು ಅದನ್ನು ಕನಸು ಎಂದುಕೊಂಡಿದ್ದರಂತೆ. ರಾತ್ರಿ ಬೇಕರಿಯಲ್ಲಿ ಕನಸಿನ ಹಾಗೇ ಹೇಳಿದರಂತೆ.

ಅಲ್ಲಿಗೆ ಹದಿನೈದಾಯಿತು.

ಹದಿನಾರನೆಯದು ಎಲ್ಲಿದೆಯೆಂದು ಅಷ್ಟರಲ್ಲಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮನ ಹೊಲಿಗೆ ಯಂತ್ರದ ಪೆಡಲು ತೂಗುತ್ತಿದ್ದದ್ದು ಅದರ ಮೇಲೆ. ಎಷ್ಟೋ ವರ್ಷದ ಹಿಂದೆ ಪೆಡಲಿನ ಕೀಲು ಮುರಿದಾಗ ದೊಡ್ಡಪ್ಪ ಯಂತ್ರದ ಕಾಲಿಗೇ ತೂತು ಕೊರೆದು, ಲಾರಿಯ ಬೋಲ್ಟಿನ ಅಳತೆಗೇ ಥ್ರೆಡ್ಡು ಹಾಕಿ ಕೂರಿಸಿದ್ದರು. ಬೇರೆ ಬೋಲ್ಟು ಅಲ್ಲಿ ನಿಲ್ಲುವುದಿಲ್ಲ. ಕಿಟಕಿಯ ಬೆಳಕಿನಲ್ಲಿ ದೊಡ್ಡಮ್ಮನ ಕಾಲು ಆಡಿದಾಗಲೆಲ್ಲ ಆ ಮೂರು ಗೀಟಿನ ತಲೆ ಮಿಣಕ್ ಎನ್ನುತ್ತಿತ್ತು. ನಾನು ನೋಡುತ್ತಿದ್ದೆ. ಅಜ್ಜಿ ನೋಡುತ್ತಿದ್ದಳು. ದೊಡ್ಡಪ್ಪ ನಡುಮನೆ ದಾಟುವಾಗ ಮಾತ್ರ ಮುಖ ಬೇರೆ ಕಡೆಗೆ ತಿರುಗಿಸಿಕೊಂಡು ಹೋಗುತ್ತಿದ್ದರು.

ಉಳಿದ ದಿನಗಳಲ್ಲಿ ಅವರು ಗುಜರಿಯ ರಾಶಿಯನ್ನು ಮತ್ತೊಮ್ಮೆ ಜಾಲಾಡಿದರು. ಕೊನೆಯ ದಿನ ಹನ್ನೆರಡು ಕಿಲೋಮೀಟರನ್ನೂ ಮತ್ತೆ ಬಗ್ಗಿ ನಡೆದರು. ಹಲ್ಲು ಇನ್ನೂ ಮೈಲಿಗಲ್ಲಿನ ಮೇಲೇ ಇತ್ತು. ಬೋಲ್ಟು ಇರಲಿಲ್ಲ.

ಒಂದನೇ ತಾರೀಖು ಬೆಳಿಗ್ಗೆ ಒಂಬತ್ತೂವರೆಗೇ ಗೇಟು ತಾನಾಗಿ ತೆರೆದುಕೊಂಡು ಗುಜರಿಯವನನ್ನು ಒಳಗೆ ಬಿಟ್ಟಿತು. ಅವನು ಕಬ್ಬಿಣ ಕತ್ತರಿಸುವ ಗ್ಯಾಸ್ ಸಿಲಿಂಡರನ್ನು ಗೋಡೆಗೆ ಒರಗಿಸಿ, ನಾವು ಕೊಟ್ಟ ಚಹಾ ಹಿಡಿದು ಕಟ್ಟೆಯ ಮೇಲೆ ಕೂತ. ಅವನ ಹಿಂದೆಯೇ ಕೈಗಾಡಿಯಲ್ಲಿ ಮೂರು ಹೊಲಿಗೆ ಯಂತ್ರ ಇಟ್ಟುಕೊಂಡು ಮೂವರು ಹೆಂಗಸರು ಬಂದರು. ಶೆಡ್ಡಿನ ಬಾಗಿಲು ತೆರೆದಿತ್ತು. ಲಾರಿ ಹೊಸ ಬಣ್ಣದಲ್ಲಿ, ಶಾಲೆಯ ಮೊದಲ ದಿನದ ಮಗುವಿನ ಹಾಗೆ ನಿಂತಿತ್ತು. ದೊಡ್ಡಪ್ಪ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಿಗಿದಿದ್ದನ್ನೇ ಮತ್ತೆ ಬಿಗಿಯುತ್ತಿದ್ದರು.

"ಎಷ್ಟಾಯ್ತು?" ಎಂದರು ದೊಡ್ಡಮ್ಮ.

"ಹದಿನೈದು."

"ಏಳಿದ್ರೂ ಓಡುತ್ತೆ ಯಜಮಾನ್ರೇ," ಎಂದ ಗುಜರಿಯವನು ಕಟ್ಟೆಯಿಂದ. ಮೂರು ದಿನ ಎದುರು ಕೂತು ಚಹಾ ಕುಡಿದ ಮೇಲೆ ಅವನಿಗೂ ಸ್ವಲ್ಪ ನಮ್ಮ ಕಡೆಯ ಪಕ್ಷಪಾತ ಬಂದಿತ್ತು. "ಒಂದು ಕಡೆ ಎಂಟು, ಒಂದು ಕಡೆ ಏಳು. ಎಷ್ಟೋ ಗಾಡಿ ಐದರಲ್ಲಿ ಓಡ್ತಾವೆ."

"ಓಡ್ತಾವೆ. ನಾನು ಓಡಿಸಲ್ಲ. ಒಂದು ಕಡಿಮೆ ಇದ್ರೆ ಅದರ ಭಾರ ಪಕ್ಕದ್ದು ಹೊರುತ್ತೆ. ಆಮೇಲೆ ಅದೂ ಹೋಗುತ್ತೆ."

"ಇದ್ರಲ್ಲಿ ಭಾರ ಏನಿದೆ? ಇರುವೆ ತಾನೆ?"

ದೊಡ್ಡಪ್ಪ ಇನ್ನೊಂದು ಬೋಲ್ಟಿಗೆ ಸ್ಪ್ಯಾನರು ಹಾಕಿದರು. ಗೋಡೆ ಗಡಿಯಾರ ಒಳಗೆಲ್ಲೋ ಮುಕ್ಕಾಲು ಗಂಟೆ ಹೊಡೆಯಿತು. ಹೆಂಗಸರಲ್ಲಿ ಒಬ್ಬಾಕೆ ಕೈಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟರು. ದೊಡ್ಡಮ್ಮ ಸ್ವಲ್ಪ ಹೊತ್ತು ದೊಡ್ಡಪ್ಪನ ಬೆನ್ನನ್ನು ನೋಡುತ್ತ ನಿಂತಿದ್ದರು.

"ಅತ್ತೆ ಮಂಚ ಬಿಚ್ಚಿದ್ರಿ," ಎಂದರು. "ಬೀಗರ ಮನೆಗೆ ಹೋಗಿ ಅಳಿಯ ಮಲಗಿರೋ ಮಂಚ ಬಿಚ್ಚಿದ್ರಿ. ನಾಚಿಕೆ ಅನ್ನೋದು ಎಲ್ಲೂ ಅಡ್ಡ ಬರಲಿಲ್ಲ. ನನ್ನ ಮೆಷಿನ್ನಿಗೆ ಮಾತ್ರ ಯಾಕೆ ಕೈ ಹಾಕಲಿಲ್ಲ?"

ದೊಡ್ಡಪ್ಪ ಸ್ಪ್ಯಾನರನ್ನು ಕೈಯಿಂದ ಕೈಗೆ ಬದಲಿಸಿದರು.

"ಮಂಚ ನಿಂತಿರೋದು. ಗೇಟು ನಿಂತಿರೋದು. ನಿಂದು ಓಡ್ತಿರೋ ಗಾಡಿ. ಓಡೋ ಗಾಡಿಯಿಂದ ಬೋಲ್ಟು ಬಿಚ್ಚಬಾರದು."

ಗುಜರಿಯವನು ಚಹಾದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ. ದೊಡ್ಡಮ್ಮ ಒಳಗೆ ಹೋದರು. ನಡುಮನೆಯಿಂದ ಯಂತ್ರ ಸರಿದ ಸದ್ದು, ಆಮೇಲೆ ಅಜ್ಜಿಯ ದನಿ: "ಎಡಕ್ಕೆ ತಿರುಗಿಸೇ. ಎಡಕ್ಕೆ. ಅದು ಬಲ, ಅನ್ನ ತಿನ್ನೋ ಕೈ." ಐದು ನಿಮಿಷದ ಮೇಲೆ ದೊಡ್ಡಮ್ಮ ಬಂದು ಅಂಗೈ ಚಾಚಿದರು. ಬೋಲ್ಟು ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಹೊಳೆಯುತ್ತಿತ್ತು.

"ಹೇಗೂ ಗೋಡೆ ಹೋಗದೆ ನನ್ನ ಮೆಷಿನ್ ಇಡೋಕೆ ಜಾಗ ಇಲ್ಲ. ಆದ್ರೆ ಇದು ಕೊಟ್ಟಿದ್ದಲ್ಲ. ಮಧ್ಯಾಹ್ನದೊಳಗೆ ವಾಪಸ್ ಬರ್ಬೇಕು."

ಹದಿನಾರನೆಯದು ಬೆರಳಲ್ಲೇ ಸುತ್ತಿ ಸುತ್ತಿ ಒಳಗೆ ಹೋಯಿತು. ಕೊನೆಯ ಅರ್ಧ ಸುತ್ತಿಗೆ ಮಾತ್ರ ಸ್ಪ್ಯಾನರು ಹಾಕಿದರು. ಎಂಜಿನ್ನು ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಹಿಡಿಯಿತು. ಹತ್ತು ಹೊಡೆಯುವ ಮೊದಲೇ ಲಾರಿ ತನ್ನ ಕಾಲ ಮೇಲೆ ಶೆಡ್ಡಿನಿಂದ ಹೊರಗೆ ಬಂದಿತ್ತು. ಎಷ್ಟು ಮೆತ್ತಗೆ ಬಂತೆಂದರೆ ಇರುವೆಗಳ ಸಾಲು ಕದಲಲಿಲ್ಲ. ಗುಜರಿಯವನೇ ಎದ್ದು, ಹಿಂದೆ ಮುಂದೆ ಕೈ ಆಡಿಸಿ, ಗೇಟು ದಾಟಿಸಿದ. ಮುಚ್ಚಿದ ಹಿಟ್ಟಿನ ಗಿರಣಿಯ ಹಿಂದಿನ ಬಯಲಲ್ಲಿ ನಿಲ್ಲಿಸಲು ದೊಡ್ಡಪ್ಪ ಮೊದಲೇ ಕೇಳಿ ಇಟ್ಟಿದ್ದರು. ಅಲ್ಲಿ ಲಾರಿ ನಿಲ್ಲಿಸಿ, ಬೋಲ್ಟು ಬಿಚ್ಚಿಕೊಂಡು, ಬೇಗ ಬೇಗ ನಡೆದು ಮನೆಗೆ ಬಂದರು. ಮಧ್ಯಾಹ್ನಕ್ಕೆ ಶೆಡ್ಡಿನಲ್ಲಿ ನಾಲ್ಕು ಯಂತ್ರ ಓಡುತ್ತಿದ್ದವು.

ಈಗ ವ್ಯವಸ್ಥೆ ಹೀಗೆ ನಡೆದಿದೆ. ಆರು ದಿನ ಬೋಲ್ಟು ಹೊಲಿಗೆ ಯಂತ್ರದಲ್ಲಿರುತ್ತದೆ, ಲಾರಿ ನಿಂತಿರುತ್ತದೆ. ಭಾನುವಾರ ಹೊಲಿಗೆ ಇಲ್ಲ, ಅಂದು ಬೋಲ್ಟು ಲಾರಿಗೆ. ಲೇತಿನವನು ಹೇಳಿದ ಹಾಗೆ ತಿಂಗಳಿಗೆ ಸರಿಯಾಗಿ ಮಾದರಿ ಮಾಡಿ ಕೊಟ್ಟ. ಚಂದದ ಬೋಲ್ಟು. ಪೆಡಲಿಗೆ ಧಾರಾಳವಾಗಿ ಸಾಕು, ನೀನು ಇದನ್ನ ಇಟ್ಕೋ ಎಂದು ದೊಡ್ಡಪ್ಪ ಅದನ್ನು ದೊಡ್ಡಮ್ಮನಿಗೆ ಕೊಟ್ಟರು. ದೊಡ್ಡಮ್ಮ ಅದನ್ನು ತಮ್ಮ ಬೋಲ್ಟಿನ ಪಕ್ಕ ಹಿಡಿದು, ಹಲ್ಲಿಗೆ ಹಲ್ಲು ಸೇರಿಸಿ, ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು.

"ಬೆಳಕು ಕಾಣ್ತಿದೆ," ಎಂದು ಅದನ್ನು ಗುಂಡಿಗಳ ಡಬ್ಬಕ್ಕೆ ಹಾಕಿದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಬೆಳಕು ಕಾಣುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಬೋಲ್ಟನ್ನು ಬಟ್ಟೆಯ ಚೂರಿನಲ್ಲಿ ಸುತ್ತಿಕೊಂಡು ತಾವೇ ಬಯಲಿಗೆ ಹೋಗುತ್ತಾರೆ. ಬೋಲ್ಟನ್ನು ಒಂಟಿಯಾಗಿ ಕಳಿಸುವ ನಂಬಿಕೆ ಅವರಿಗಿಲ್ಲವಂತೆ. ದೊಡ್ಡಪ್ಪ ಬಿಗಿಯುವವರೆಗೆ ತಲೆಯ ಮೇಲೇ ನಿಂತಿದ್ದು, ಆಮೇಲೆ ಮುಂದಿನ ಸೀಟಿನಲ್ಲಿ ಹತ್ತಿ ಕೂರುತ್ತಾರೆ. ಬಯಲಿನಿಂದ ದೊಡ್ಡ ರಸ್ತೆಯ ಸೇತುವೆಯವರೆಗೆ ಹೋಗಿ ವಾಪಸ್ಸು. ಅರ್ಧ ಗಂಟೆ. ಕಳೆದ ಭಾನುವಾರ ನಾನೂ ಹಿಂದೆ, ಮರದ ಕಟ್ಟಿನಲ್ಲಿ ಇರುವೆಗಳ ಜೊತೆ ಕೂತಿದ್ದೆ. ಗಾಳಿಗೆ ಬೆಣ್ಣೆಯ ವಾಸನೆ ಹಿಂದೆ ಹಿಂದೆ ಬರುತ್ತಿತ್ತು. ತಿರುಗಿ ಬಂದು ನಿಲ್ಲಿಸಿದ ಮೇಲೆ ದೊಡ್ಡಪ್ಪ ಕೆಳಗಿಳಿದು, ಚಕ್ರದ ಹತ್ತಿರ ಕೂತು, ಬೋಲ್ಟಿಗೆ ಕೈ ಇಟ್ಟು ತಟ್ಟನೆ ತೆಗೆದರು.

"ಬ್ರೇಕಿಗೆ ಕಾದಿದೆ. ಸುಡ್ತಿದೆ. ಸ್ವಲ್ಪ ಹೊತ್ತು ಇರಲಿ ಬಿಡು."

ದೊಡ್ಡಮ್ಮ ಸೀಟಿನಿಂದ ಇಳಿಯಲಿಲ್ಲ. ಮಡಿಲಲ್ಲಿ ಬಟ್ಟೆಯ ಚೂರನ್ನು ಮಡಿಸಿ ಇಟ್ಟುಕೊಂಡು, ಮುಂದಿನ ಗಾಜಿನ ಕಡೆಗೇ ನೋಡುತ್ತಿದ್ದರು.

"ಹಾಗಿದ್ರೆ ಇನ್ನೊಂದು ಸಲ ಹೋಗಿ ಬರೋಣ," ಎಂದರು. "ಗಾಳಿಗೆ ಆರುತ್ತೆ."